ಚಪ್ಪಾಳೆ ತಟ್ಟಿದವರು ಯಾವೂರಿನವರು?

ನಾವು ಹೆಂಗಸರು ಉಪ್ಪಿನಕಾಯಿ ಭರಣಿಗೂ ಚೀಟಿ ಅಂಟಿಸುವವರು. ಯಾವ ಮಿಡಿ, ಯಾವ ವರ್ಷದ್ದು ಎಂದು ಬರೆದಿಡದಿದ್ದರೆ ಸಮಾಧಾನವಿಲ್ಲ. ಆದರೆ ಹಾಡಿನ ಕ್ಯಾಸೆಟ್ಟಿನ ಮೇಲಿರುವ ಚೀಟಿಯನ್ನು ಎಷ್ಟು ನಂಬಬಹುದು? ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಸೋದರಮಾವನ ಪೆಟ್ಟಿಗೆಯಿಂದ.

ಮಾವ ಸರಕು ಹಡಗಿನಲ್ಲಿ ಕೆಲಸಕ್ಕಿದ್ದವರು. ರಜೆಗೆ ಬಂದಾಗಲೆಲ್ಲ ಒಂದೊಂದು ದೇಶದ ಕ್ಯಾಸೆಟ್ಟು ತರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಅವನ್ನೆಲ್ಲ ನನಗೆ ಕೊಟ್ಟರು. ಒಂದರ ಮೇಲೆ ಮಾವನ ಅಕ್ಷರದಲ್ಲಿ ‘ಬ್ರೆಜಿಲ್ ಜಾಝ್, ಲೈವ್, ರಿಯೋ’ ಎಂದಿತ್ತು, ಅಷ್ಟೇ. ಹಾಡಿದಾಕೆಯ ಹೆಸರೇ ಇಲ್ಲ! ಧ್ವನಿಯೋ, ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಅನ್ನುವ ಹಾಗಿದೆ. ಅದು ಮಾವ ಎದುರು ಕೂತು ಕೇಳಿದ ಕಛೇರಿಯೆಂದೇ ಅತ್ತೆಯ ನಂಬಿಕೆ.

“ಹುಡುಕಿಯೇ ಬಿಡೋಣ ಅಮ್ಮ” ಅಂದಳು ಪಿಯುಸಿ ಓದುವ ಮಗಳು. ರಿಯೋದ ಕೋಪಕಬಾನಾದಲ್ಲಿ ‘ಸೀಸೆಗಳ ಓಣಿ’ ಎಂದೊಂದು ಜಾಗ. 1960ರ ಆಸುಪಾಸಿನಲ್ಲಿ ಅಲ್ಲಿನ ಪುಟ್ಟ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಸಾಂಬಾ, ಜಾಝ್ ಬೆರೆತ ಸಂಗೀತ. ಗಲಾಟೆ ತಾಳದೆ ಮೇಲಿನ ಮನೆಯವರು ಸೀಸೆ ಎಸೆಯುತ್ತಿದ್ದರಂತೆ, ಅದಕ್ಕೇ ಆ ಹೆಸರು! ನಮ್ಮ ಕ್ಯಾಸೆಟ್ಟು ಅಲ್ಲಿಯದೇ ಇರಬಹುದೆಂದು ಆಕೆಗೆ ಆಸೆ.

ಆದರೆ ಕಿವಿಗೊಟ್ಟು ಕೇಳಿದರೆ ಹಾಡೇ ತನ್ನ ಗುಟ್ಟು ಬಿಡುತ್ತದೆ. ಒಂದು ಹಾಡು ಪೋರ್ಚುಗೀಸಿನಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ. ರಿಯೋದವರ ಮುಂದೆ ಇಂಗ್ಲಿಷ್ ಯಾಕೆ? ಪಿಯಾನೋ ಇರಬೇಕಾದಲ್ಲಿ ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಾಫೋನ್, ಜೊತೆಗೆ ಸ್ಯಾಕ್ಸೊಫೋನ್. 1964ರಲ್ಲಿ ಅಮೆರಿಕದ ಸ್ಟ್ಯಾನ್ ಗೆಟ್ಸ್ ಅವರ ತಂಡದಲ್ಲಿ ಗ್ಯಾರಿ ಬರ್ಟನ್ ವೈಬ್ರಾಫೋನ್ ನುಡಿಸುತ್ತಿದ್ದರು. ಅದೇ ವರ್ಷ ಬಂದ ‘ಗೆಟ್ಸ್ ಓ ಗೋ ಗೋ’ ರೆಕಾರ್ಡನ್ನು ಮೊಬೈಲಿನಲ್ಲಿ ಹಾಕಿ, ಕ್ಯಾಸೆಟ್ಟನ್ನೂ ಪಕ್ಕದಲ್ಲಿ ಓಡಿಸಿದೆವು. ಹಳೇ ಟೇಪ್ ರೆಕಾರ್ಡರು ಸ್ವಲ್ಪ ಜೋರಾಗಿ ಓಡಿ ಶ್ರುತಿ ಏರಿತ್ತು ನಿಜ. ಆದರೂ ಉಸಿರು ತೆಗೆದ ಜಾಗ, ಚಪ್ಪಾಳೆ ಬಿದ್ದ ಜಾಗ ಒಂದೇ. ಒಬ್ಬರು ಒಂದೇ ಹಾಡನ್ನು ಎರಡು ದಿನ ಹಾಡಿದರೆ ಹೀಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದುಂಟೇ?

ಹಾಡಿದಾಕೆ ಬ್ರೆಜಿಲಿನ ಆಸ್ಟ್ರುಡ್ ಜಿಲ್ಬೆರ್ಟೊ. ರೆಕಾರ್ಡಿಗೆ ಹೆಸರು ಕೊಟ್ಟ ಕೆಫೆ ಇದ್ದದ್ದು ನ್ಯೂಯಾರ್ಕಿನಲ್ಲಿ. ಇನ್ನೂ ತಮಾಷೆ ಕೇಳಿ. ಗೆಟ್ಸ್ ಅವರ ಧ್ವನಿಮುದ್ರಣಗಳ ಪಟ್ಟಿ ಮಾಡಿದವರ ಪ್ರಕಾರ, ಇದರ ಕೆಲವು ಹಾಡುಗಳು ಸ್ಟುಡಿಯೋದಲ್ಲಿ ತಯಾರಾಗಿ, ಚಪ್ಪಾಳೆಯನ್ನು ಆಮೇಲೆ ಒಗ್ಗರಣೆಯಂತೆ ಹಾಕಿದ್ದಂತೆ!

ಅತ್ತೆಗೆ ಹೇಗೆ ಹೇಳುವುದು? ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿಯೇ ಬಿಟ್ಟೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಡಿದ್ದು ಎಲ್ಲಾದರೂ ಆಗಲಿ ಕಣೇ, ಅವರು ಕೊಂಡದ್ದು ರಿಯೋದಲ್ಲಿ ಇದ್ದೀತು” ಅಂದರು. ಇದ್ದರೂ ಇರಬಹುದು! ಚೀಟಿ ಬರೆದವರ ಮನಸ್ಸಿನಲ್ಲಿ ಏನಿತ್ತೋ ಬಲ್ಲವರಾರು? ಮಾವನ ಅಕ್ಷರವನ್ನು ಅಳಿಸಲಿಲ್ಲ. ಅದರ ಕೆಳಗೆ ಆಸ್ಟ್ರುಡ್ ಹೆಸರು, ನ್ಯೂಯಾರ್ಕ್, 1964 ಎಂದು ಸೇರಿಸಿದೆ.

ಆ ಹೆಸರು ಬರೆಯುವಾಗ ಕೈ ಒಂದು ಕ್ಷಣ ತಡೆಯಿತು. 1963ರ ಮಾರ್ಚಿಯಲ್ಲಿ ಇಪನೇಮಾದ ಹುಡುಗಿಯ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿ ಜಗತ್ತಿಗೆ ಕೇಳಿಸಿದವರು ಈಕೆಯೇ. ಆದರೆ ಆ ರೆಕಾರ್ಡಿನ ಮುಖಪುಟದಲ್ಲಿ ಮೂವರು ಗಂಡಸರ ಹೆಸರಿತ್ತು, ಈಕೆಯದಿರಲಿಲ್ಲ. 2023ರಲ್ಲಿ ಆಸ್ಟ್ರುಡ್ ತೀರಿಕೊಂಡರು.

ಊರು, ತಾರೀಖು ಎಲ್ಲ ಸರಿಯಿದ್ದರೂ ಮುಗಿಯಲಿಲ್ಲ ನೋಡಿ. ಬ್ರೆಜಿಲಿನದೇ ಗಾಯಕಿ ಎಲಿಸ್ ರೆಜೀನಾ 1979ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊ ಜಾಝ್ ಉತ್ಸವದಲ್ಲಿ ಹಾಡಿದರು. ತಮ್ಮ ಹಾಡುಗಾರಿಕೆ ಅವರಿಗೇ ಒಪ್ಪಿಗೆಯಾಗದೆ, ಅದನ್ನು ಹೊರತರಬೇಡಿ ಅಂದಿದ್ದರಂತೆ. 1982ರ ಜನವರಿಯಲ್ಲಿ, 36ನೇ ವಯಸ್ಸಿಗೇ, ಅವರು ಹೋಗಿಬಿಟ್ಟರು. ಅದೇ ವರ್ಷ ರೆಕಾರ್ಡು ಅಂಗಡಿಗೆ ಬಂತು! ಕೇಳುವವರಿಗೆ ಅದೊಂದು ಭಾಗ್ಯವೇ. ಆದರೂ ಬೇಡ ಅಂದವಳ ಮಾತು ಯಾವ ಚೀಟಿಯ ಮೇಲೆ ಉಳಿಯಿತು?

ಸೋದರಿಯರೇ, ನಿಮ್ಮ ಮನೆಯಲ್ಲೂ ಅಜ್ಜಿಯ ಹಸೆಹಾಡು, ಅಮ್ಮನ ದೇವರನಾಮ ಹಳೇ ಕ್ಯಾಸೆಟ್ಟಿನಲ್ಲೋ ಮೊಬೈಲಿನಲ್ಲೋ ಇದ್ದೀತು. ಹಾಡಿದವರು ಯಾರು, ಎಲ್ಲಿ, ಯಾವ ವರ್ಷ ಎಂದು ಈಗಲೇ ಬರೆದಿಡಿ. ಹಾಡಿದವರು ಎದುರಿಗಿದ್ದರೆ, ಇದನ್ನು ನಾಲ್ಕು ಜನಕ್ಕೆ ಕೇಳಿಸಲೇ ಎಂದು ಒಂದು ಮಾತು ಕೇಳಿ.