ಪಾದ್ರಿ ಎಳೆದ ಅಡ್ಡಗೆರೆ

ದೀರ್ಘ ಬಿಟ್ಟು ಬರೆದ ಕಾಪಿಪುಸ್ತಕಕ್ಕೆ ಕೆಂಪು ಶಾಯಿ ಮುಟ್ಟಿಸುವುದು ನಮ್ಮಂಥ ಕನ್ನಡ ಮಾಷ್ಟ್ರುಗಳ ನಿತ್ಯದ ಕೆಲಸ. ಹಾಗಾಗಿಯೋ ಏನೋ, ಹಳೆಯ ಪ್ರಷ್ಯನ್ ಭಾಷೆಯ ಬಗ್ಗೆ ಓದುವಾಗ ನಮ್ಮ ಕಣ್ಣು ಮೊದಲು ಬಿದ್ದದ್ದು ಸ್ವರಗಳ ತಲೆಯ ಮೇಲಿನ ಪುಟ್ಟ ಅಡ್ಡಗೆರೆಗಳ ಮೇಲೆ.

ಈ ಭಾಷೆ ಲಿಥುವೇನಿಯನ್, ಲಾಟ್ವಿಯನ್‌ಗಳ ದಾಯಾದಿ. ಬಾಲ್ಟಿಕ್ ಕರಾವಳಿಯಲ್ಲಿ ಇದನ್ನು ಆಡುತ್ತಿದ್ದ ನೆಲ ಇಂದು ಹೆಚ್ಚಾಗಿ ಪೋಲೆಂಡ್ ಮತ್ತು ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತದಲ್ಲಿ ಹಂಚಿಹೋಗಿದೆ. ಜರ್ಮನ್ನರ ಆಳ್ವಿಕೆಯಲ್ಲಿ ಸೊರಗುತ್ತ ಬಂದು, 1709–1711ರ ಪ್ಲೇಗಿನ ಸುಮಾರಿಗೆ ಜನರ ಬಾಯಿಂದ ಮರೆಯಾಯಿತು. ಉಳಿದ ಬರಹ ಸ್ವಲ್ಪವೇ. 802 ಪದಗಳ ಎಲ್ಬಿಂಗ್ ಪದಪಟ್ಟಿ, ಕೋನಿಗ್ಸ್‌ಬರ್ಗಿನಲ್ಲಿ ಅಚ್ಚಾದ ಮೂರು ಕ್ರೈಸ್ತ ಪ್ರಶ್ನೋತ್ತರ ಪುಸ್ತಕಗಳು (1545ರಲ್ಲಿ ಎರಡು, 1561ರಲ್ಲಿ ಒಂದು), ಮತ್ತೆ ಕೆಲವು ಚೂರುಪಾರು.

ಬರೆದದ್ದು ಜರ್ಮನ್ ಕಾಗುಣಿತದಲ್ಲಿ. ಭೂಮಿಗೆ 'ಸೆಮ್ಮೇ' ಎಂದಿದ್ದರೆ ಮೊದಲ ಅಕ್ಷರವನ್ನು 'ಜ಼' ಎಂದು ಓದಬೇಕು. ಲಾಟ್ವಿಯನ್ನಿನಲ್ಲಿ ಇಂದಿಗೂ ಭೂಮಿ 'ಜ಼ೆಮೆ'. ಊರು ಬದಲಾದಂತೆ ಸ್ವರವೂ ಬದಲು. ಪದಪಟ್ಟಿಯಲ್ಲಿ ಸೋದರ 'ಬ್ರೋತೆ', 1561ರ ಪುಸ್ತಕದಲ್ಲಿ 'ಬ್ರಾತಿ', ನಮ್ಮ ಸಂಸ್ಕೃತ ಪಾಠದ ಭ್ರಾತೃವಿನ ನೆಂಟ. ತಾಯಿ ಅಲ್ಲಿ 'ಮೋತೆ', ಇಲ್ಲಿ 'ಮೂತಿ' (ತರಗತಿಯಲ್ಲಿ ಹೇಳಿದರೆ ಮಕ್ಕಳು ನಗದೆ ಬಿಟ್ಟಾರೆಯೇ!).

1561ರ ಪುಸ್ತಕ ಪೊಬೆತೆನ್ ಎಂಬ ಊರಿನ ಪಾದ್ರಿ ಆಬೆಲ್ ವಿಲ್‌ನದು. ಅನೇಕ ಪಾದ್ರಿಗಳಿಗೆ ಪ್ರಷ್ಯನ್ ಬಾರದ ಕಾಲವದು. ಪ್ರವಚನವನ್ನು ದುಭಾಷಿಗಳು ಜನರಿಗೆ ತಿಳಿಸುತ್ತಿದ್ದರು. ವಿಲ್‌ಗೆ ನೆರವಾದವನು ಪೌಲ್ ಮೆಗೊಟ್ ಎಂಬ ಪ್ರಷ್ಯನ್ ರೈತ. ಪದಕ್ಕೆ ಪದ ಇಟ್ಟ ಈ ಅನುವಾದದ ವ್ಯಾಕರಣವನ್ನು ಪಂಡಿತರು ಹಳಿಯುತ್ತಾರೆ. ನಾವಾದರೆ ಕಿವಿಗೆಂದೇ ಬೇರೆ ಅಂಕ ಕೊಡುತ್ತಿದ್ದೆವು.

ಯಾಕೆಂದರೆ ಆ ಗೆರೆಗಳಿರುವುದು ಈ ಪುಸ್ತಕದಲ್ಲಿ. 'ಕೈಯನ್ನು' ಎಂಬರ್ಥದ 'ರಾಂಕನ್' ಪದದಲ್ಲಿ ಗೆರೆ ಅಕಾರದ ಮೇಲಿದೆ. 'ಎಲುಬುಗಳನ್ನು' ಎಂಬ 'ಕೌಲಿನ್ಸ್' ಪದದ ಔಕಾರವನ್ನು ಬಿಡಿಸಿ ಅ, ಉ ಎಂದು ಎರಡಕ್ಷರದಲ್ಲಿ ಬರೆದಿದ್ದಾರೆ. ಅಲ್ಲಿ ಗೆರೆ ಎರಡನೆಯ ಉಕಾರದ ಮೇಲಿದೆ. ಇದು ಮನಬಂದಂತೆ ಬಿದ್ದದ್ದಲ್ಲ, ಒತ್ತಿ ಹೇಳುವ ಅಕ್ಷರವನ್ನೂ ದನಿಯ ಏರಿಳಿತವನ್ನೂ ತೋರಿಸುತ್ತದೆ ಎಂದು 1895ರಲ್ಲಿ ರಷ್ಯಾದ ಫೋರ್ತುನಾತೊವ್ ಕಂಡುಕೊಂಡರು. 'ರಾಂಕನ್' ಎನ್ನುವಾಗ ದನಿ ಇಳಿಯುತ್ತಿತ್ತು, 'ಕೌಲಿನ್ಸ್' ಎನ್ನುವಾಗ ಏರುತ್ತಿತ್ತು. ತಮಾಷೆಯೆಂದರೆ ಇವೇ ಪದಗಳಲ್ಲಿ ಲಿಥುವೇನಿಯನ್ನರ ದನಿ ಇದಕ್ಕೆ ತಿರುವುಮುರುವು!

ಸತ್ತ ಉಚ್ಚಾರವನ್ನು ಬದುಕಿರುವ ನೆಂಟರಿಂದ ಕೇಳಿ ತಿಳಿಯುವುದು ಗಡಿನಾಡಿನ ನಮಗೆ ಹೊಸದಲ್ಲ. ಹಳಗನ್ನಡದ 'ಮೞೆ'ಯ ೞಕಾರವನ್ನು ನಮ್ಮ ಬಾಯಿ ಮರೆತರೂ ಮಲಯಾಳದವರ 'ಮೞ'ದಲ್ಲಿ ಅದು ಇನ್ನೂ ಕೇಳುತ್ತದೆ. ಆದರೆ ನೆಂಟರ ದನಿಯೇ ತಿರುಗಿದ್ದರೆ? ಮೆಗೊಟ್‌ನಂಥವರ ಬಾಯಿಂದ ಕೇಳಿ ಹಾಕಿದ ಗೆರೆ ಇಲ್ಲದಿದ್ದರೆ, ಲಿಥುವೇನಿಯನ್ ರಾಗವನ್ನೇ ಪ್ರಷ್ಯನ್ನಿಗೂ ಹಚ್ಚಿಬಿಡುತ್ತಿದ್ದರೇನೋ.

ಎಲ್ಲ ಬಗೆಹರಿದಿಲ್ಲ. 'ಸೆಮ್ಮೇ' ಪದದ ಒತ್ತಕ್ಷರವನ್ನೇ ನೋಡಿ. ಇಂಥ ಇಮ್ಮಡಿ ವ್ಯಂಜನ ಬಂದರೆ ಅದರ ಮುಂದಿನ ಸ್ವರಕ್ಕೆ ಒತ್ತು ಎಂದು ಡಚ್ ವಿದ್ವಾಂಸ ಕೊರ್ಟ್‌ಲಂಟ್ 1974ರಲ್ಲಿ ವಾದಿಸಿದರು. ಹಿಂದಿನ ಸ್ವರ ಹ್ರಸ್ವ ಎಂದು ತೋರಿಸುವ ಜರ್ಮನ್ ಅಭ್ಯಾಸ ಅಷ್ಟೇ ಎನ್ನುವವರೂ ಇದ್ದಾರೆ. ಪದಪಟ್ಟಿಯ 802 ಪದಗಳಲ್ಲಂತೂ ಇಂಥ ಗೆರೆಯೇ ಇಲ್ಲ. ಅಲ್ಲಿನ ತಾಯಿ 'ಮೋತೆ'ಯನ್ನು ಮಕ್ಕಳು ಯಾವ ಅಕ್ಷರ ಒತ್ತಿ ಕರೆಯುತ್ತಿದ್ದರೆಂದು ಅಕ್ಕಪಕ್ಕದ ಭಾಷೆಗಳನ್ನೇ ಕೇಳಬೇಕು.