ತಟ್ಟಿ ನೋಡುವ ವಿದ್ಯೆ

ಹಲಸಿನಕಾಯಿ ಬಲಿತಿದೆಯಾ ಅಂತ ತಿಳಿಯೋಕೆ ಅಜ್ಜಿ ಅದನ್ನು ಸೀಳಿ ನೋಡ್ತಿರಲಿಲ್ಲ. ತಟ್ಟಿ ಸದ್ದು ಕೇಳ್ತಿದ್ದರು. ರೇಡಾರ್ ಮಾಡೋದೂ ಹೆಚ್ಚುಕಮ್ಮಿ ಅದನ್ನೇ. ರೇಡಿಯೋ ಅಲೆ ಕಳಿಸುತ್ತೆ, ತಿರುಗಿ ಬಂದ ಪ್ರತಿಧ್ವನಿಯಿಂದ ಅಲ್ಲೇನಿದೆ ಅಂತ ಲೆಕ್ಕ ಹಾಕುತ್ತೆ.

ಶನಿಯ ಹಿಮಚಂದ್ರ ಟೈಟನ್ ಸುತ್ತ ಕಿತ್ತಳೆ ಬಣ್ಣದ ದಟ್ಟ ಮಬ್ಬು. ಮಾಮೂಲಿ ಕ್ಯಾಮೆರಾಗೆ ನೆಲ ಕಾಣಲ್ಲ. ಕ್ಯಾಸಿನಿ ನೌಕೆಯ ರೇಡಾರ್ ಅಲೆಗಳು ಆ ಮಬ್ಬನ್ನು ದಾಟಿದವು. ಚಿತ್ರದಲ್ಲಿ ಒರಟು ನೆಲ ಬೆಳ್ಳಗೆ, ನುಣುಪು ಜಾಗ ಕಪ್ಪಗೆ. 2006ರ ಜುಲೈನಲ್ಲಿ ಉತ್ತರ ಧ್ರುವದ ಬಳಿ ಕಡುಕಪ್ಪು ಕಲೆಗಳು ಕಂಡವು: ದ್ರವ ಮೀಥೇನ್ ತುಂಬಿದ ಕೆರೆಗಳು! 2013ರಲ್ಲಿ ಲಿಜಿಯಾ ಮಾರೆ ಎಂಬ ಸಮುದ್ರದಿಂದ ಎರಡು ಪ್ರತಿಧ್ವನಿ ಬಂದವು, ಒಂದು ಮೇಲಿನಿಂದ, ಇನ್ನೊಂದು ತಳದಿಂದ. ಎರಡರ ನಡುವಿನ ಸಮಯದಿಂದ ಆಳ ಗೊತ್ತಾಯ್ತು: ಸುಮಾರು 160 ಮೀಟರ್.

ಮುಂದಿನ ಸರದಿ ಗುರುವಿನ ಹಿಮಚಂದ್ರಗಳದ್ದು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ (ಹೆಸರು ಹಾಗೇ, ಕುಡಿಯೋದಲ್ಲ) 2023ರ ಏಪ್ರಿಲ್ 14ರಂದು ಹೊರಟಿತು. ಅದರ ರೈಮ್ ರೇಡಾರ್ 9 ಮೆಗಾಹರ್ಟ್ಸ್‌ನದು. ಅಲೆಯ ಉದ್ದ 30 ಮೀಟರ್‌ಗೂ ಹೆಚ್ಚು, ಹಾಗಾಗಿ ಮಂಜುಗಡ್ಡೆಯ ಮೇಲ್ಮೈಯಷ್ಟೇ ಅಲ್ಲ, 9 ಕಿ.ಮೀ. ಆಳದವರೆಗೂ ನೋಡಬಹುದು. ಇಂಥ ಅಲೆಗೆ ಉದ್ದನೆಯ ಆಂಟೆನಾ ಬೇಕು: 16 ಮೀಟರ್. ಮಡಚಿಟ್ಟಿದ್ದ ಆ ಆಂಟೆನಾ ಮೇಲೆ ಹೋದಮೇಲೆ ಪೂರ್ತಿ ಬಿಚ್ಚಿಕೊಳ್ಳಲೇ ಇಲ್ಲ. ಪುಟ್ಟ ಪಿನ್ ಒಂದು ಸಿಕ್ಕಿಕೊಂಡಿದೆ ಅನ್ನೋ ಅನುಮಾನ.

ಅದೇ ಹೊತ್ತಿಗೆ ನಮ್ಮ ತಂಡ ಹದಿನಾಲ್ಕು ತಿಂಗಳು ಕಟ್ಟಿದ ಪ್ರಾಜೆಕ್ಟ್ ಒಂದೇ ಮೀಟಿಂಗ್‌ನಲ್ಲಿ ಮುಚ್ಚಿಹೋಗಿತ್ತು. ಈ ಫೀಲ್ಡೇ ಬಿಟ್ಟುಬಿಡೋಣ ಅಂತ ರಾತ್ರಿಯೆಲ್ಲಾ ಯೋಚಿಸ್ತಾ, ಫೋನ್‌ನಲ್ಲಿ ಆ ಪಿನ್ ಸುದ್ದಿ ಹುಡುಕ್ತಿದ್ದೆ.

ನಮ್ಮ ಸರ್ವರ್ ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡ್ತೀವಿ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕೂತು ಆ ನೌಕೆ ನಡೆಸೋರಿಗೆ ಅಷ್ಟು ಸುಲಭವಿಲ್ಲ, ಕೈಯಿಂದ ಮುಟ್ಟೋಕೂ ಆಗಲ್ಲ. ಎಂಜಿನ್ ಉರಿಸಿ ನೌಕೆಯನ್ನೇ ಅಲ್ಲಾಡಿಸಿದರು. ಬಿಸಿಲಿಗೆ ತಿರುಗಿಸಿ ಬೆಚ್ಚಗೆ ಮಾಡಿದರು. ಕೊನೆಗೆ ಮೇ 12ರಂದು, ಆಂಟೆನಾ ಸಿಕ್ಕಿಕೊಂಡಿದ್ದ ಹಿಡಿಕೆಯಲ್ಲೇ ಇದ್ದ ಪುಟ್ಟ ಸಾಧನವೊಂದನ್ನು ಸಿಡಿಸಿ ಝಟ್ಕಾ ಕೊಟ್ಟರು. ಪಿನ್ ಕೆಲವೇ ಮಿಲಿಮೀಟರ್ ಸರಿಯಿತು, ಆಂಟೆನಾ ಬಿಚ್ಚಿಕೊಂಡಿತು.

ಈ ಯೋಜನೆ ಆಯ್ಕೆಯಾಗಿದ್ದು 2012ರಲ್ಲಿ. ಗುರುವನ್ನು ತಲುಪೋದು 2031ರಲ್ಲಿ. ಪಿನ್ ಸರಿಸಿದ ಕೆಲವರು ಅಷ್ಟರಲ್ಲಿ ರಿಟೈರ್ ಆಗಿರಬಹುದು. ಆದರೂ ಅವತ್ತಿನ ಕೆಲಸ ಅವತ್ತು ಮಾಡಿದರಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಕೆಲಸ ಬಿಡಲಿಲ್ಲ. ಮುಚ್ಚಿದ ಆ ಪ್ರಾಜೆಕ್ಟ್‌ಗೂ ಕೂತು ಡಾಕ್ಯುಮೆಂಟೇಶನ್ ಬರೆದು ಮುಗಿಸಿದೆ. ಯಾರಿಗಾದರೂ ಬೇಕಾಗಬಹುದು.

ಹಿಮದೊಳಗಿಂದ ಮೊದಲ ಪ್ರತಿಧ್ವನಿ ಬರುವ ಹೊತ್ತಿಗೆ ನನಗೆ ಮೂವತ್ತೈದು ದಾಟಿರುತ್ತೆ. ನಿಮಗೆಷ್ಟಾಗಿರುತ್ತೆ?