ನೇರ ಬಸ್ಸೋ, ಮೇಲಿಂದ ಮೇಲೆ ಬರುವ ಬಸ್ಸೋ?

ಕಾಗದ, ಪೆನ್ಸಿಲು ಕೈಗೆಟುಕುವಂತಿದ್ದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಅರವತ್ತನಾಲ್ಕು ಗಣಕಗಳಿವೆ. ಒಂದೇ ದೊಡ್ಡ ಕೆಲಸವನ್ನು ಅವು ಹಂಚಿಕೊಂಡು ಮಾಡಬೇಕು. ಮಾಡುತ್ತ ಮಾಡುತ್ತ ಒಂದರ ಉತ್ತರ ಇನ್ನೊಂದಕ್ಕೆ ತಲುಪುತ್ತಿರಬೇಕು. ಪ್ರತಿಯೊಂದನ್ನೂ ಉಳಿದೆಲ್ಲದಕ್ಕೂ ನೇರವಾಗಿ ಜೋಡಿಸುತ್ತೇನೆಂದು ಹೊರಟರೆ 2016 ತಂತಿ ಬೇಕು. ಉಂಗುರದ ಹಾಗೆ ಪಕ್ಕದವರು ಪಕ್ಕದವರ ಕೈ ಹಿಡಿದರೆ 64 ಸಾಕು. ಆದರೆ ಎದುರು ತುದಿಗೆ ಸುದ್ದಿ ಮುಟ್ಟಲು 32 ಹೆಜ್ಜೆ. ಚದುರಂಗದ ಮಣೆಯಂತೆ ಎಂಟೆಂಟರ ಜಾಲರಿ ಹೆಣೆದರೆ 112 ತಂತಿ; ಮೂಲೆಯಿಂದ ಮೂಲೆಗೆ 14 ಹೆಜ್ಜೆ.

ಇನ್ನೊಂದು ಜಾಣ ದಾರಿಯುಂಟು. ಪ್ರತಿ ಗಣಕಕ್ಕೂ ಸೊನ್ನೆ-ಒಂದುಗಳ ಆರು ಅಂಕಿಯ ನಂಬರು ಕೊಡಿ. ಯಾವ ಎರಡರ ನಂಬರು ಒಂದೇ ಒಂದು ಅಂಕಿಯಲ್ಲಿ ಬೇರೆಯೋ ಅವೆರಡಕ್ಕೆ ಮಾತ್ರ ತಂತಿ ಎಳೆಯಿರಿ. ಒಟ್ಟು 192 ತಂತಿ. ಎಲ್ಲಿಂದ ಎಲ್ಲಿಗಾದರೂ ಆರು ಹೆಜ್ಜೆಯೊಳಗೆ ತಲುಪಬಹುದು. ಇದೇ ಹೈಪರ್‌ಕ್ಯೂಬ್. ಯಾವುದಕ್ಕೆ ಯಾವುದು ಕೂಡಿಕೊಂಡಿದೆ ಎಂಬ ಇಂಥ ಆಕಾರಕ್ಕೆ ಟೊಪಾಲಜಿ ಎಂದು ಹೆಸರು.

ಇದು ಬರೀ ಕಾಗದದ ಆಟವಲ್ಲ. 1983ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಚಾರ್ಲ್ಸ್ ಸೈಟ್ಸ್ ಮತ್ತು ಸಂಗಡಿಗರು 64 ಸಾಧಾರಣ ಇಂಟೆಲ್ ಪ್ರೊಸೆಸರುಗಳನ್ನು ಇದೇ ರೀತಿ ಜೋಡಿಸಿ 'ಕಾಸ್ಮಿಕ್ ಕ್ಯೂಬ್' ಕಟ್ಟಿದರು. ನಮ್ಮ ದೇಶದಲ್ಲಿ 1991ರಲ್ಲಿ ಪುಣೆಯ ಸಿ-ಡ್ಯಾಕ್ ಹೊರತಂದ ಪರಂ 8000ದಲ್ಲೂ 64 ಪ್ರೊಸೆಸರುಗಳಿದ್ದವು. ಅವು ಟ್ರಾನ್ಸ್‌ಪ್ಯೂಟರ್ ಎಂಬ ಜಾತಿಯವು. ಒಂದೊಂದಕ್ಕೂ ನಾಲ್ಕೇ ಕೊಂಡಿ. ಆರು ಕೊಂಡಿ ಬೇಡುವ ಆಕಾರವನ್ನು ಅದರಲ್ಲಿ ನೇರವಾಗಿ ಹೆಣೆಯಲು ಬರುವುದಿಲ್ಲ. ಆಕಾರ ಎಂಬುದು ಇಷ್ಟಪಟ್ಟದ್ದನ್ನೆಲ್ಲ ಕೊಳ್ಳಬಹುದಾದ ಸರಕಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಕೊನೆಯ ವರ್ಷದ ಒಬ್ಬ ಹುಡುಗಿ ಈ ಜಾಲರಿ ಮತ್ತು ಹೈಪರ್‌ಕ್ಯೂಬುಗಳನ್ನೇ ಹೋಲಿಸಿ ಪ್ರಾಜೆಕ್ಟು ಮಾಡಿದಳು. ಹೈಪರ್‌ಕ್ಯೂಬೇ ಮೇಲು ಎಂಬುದು ತಂಡದ ಮೂವರಿಗೂ ಮೊದಲೇ ಗೊತ್ತಿದ್ದ ಉತ್ತರ. ಆರು ಹೆಜ್ಜೆ ಎಲ್ಲಿ, ಹದಿನಾಲ್ಕು ಎಲ್ಲಿ! ಆದರೆ ಅವಳ ಪ್ರೋಗ್ರಾಮು ತಿರುಗುಮುರುಗಾಗಿ ಹೇಳಿತು. ಮೌಲ್ಯಮಾಪನಕ್ಕೆ ಮೂರು ದಿನ ಉಳಿದಿತ್ತು. 'ಸಂಖ್ಯೆ ಸ್ವಲ್ಪ ತಿದ್ದಿಬಿಡೋಣ ಕಣೇ, ಯಾರಿಗೆ ಗೊತ್ತಾಗತ್ತೆ' ಎಂದು ಉಳಿದಿಬ್ಬರ ಒತ್ತಾಯ. ಅವಳು ಕಾಗದ ಹಿಡಿದು ನನ್ನ ಕೋಣೆಗೆ ಬಂದಳು. ಹಾಸ್ಟೆಲಿನ ಹಣ ಕಟ್ಟಲು ಬಂದಿದ್ದ ತಂದೆಯೂ ಜೊತೆಗಿದ್ದರು. ಅವರು ಬಸ್ ಕಂಡಕ್ಟರು.

ಅವಳು ಮಾಡಿದ್ದೇನೆಂದರೆ, ಎರಡು ಯಂತ್ರಗಳನ್ನೂ ಮನಸ್ಸಿನಲ್ಲೇ ಸರಿಯಾಗಿ ನಡುವೆ ಕತ್ತರಿಸಿದ್ದಳು. ಹೈಪರ್‌ಕ್ಯೂಬಿನಲ್ಲಿ ಕತ್ತಿಗೆ 32 ಕೊಂಡಿ ಸಿಗುತ್ತವೆ, ಜಾಲರಿಯಲ್ಲಿ ಎಂಟೇ. ನಡುವೆ ಹಾಯುವ ತಾಮ್ರ ಇಬ್ಬರಿಗೂ ಸಮನಾಗಿರಲಿ ಎಂದರೆ ಜಾಲರಿಯ ಒಂದೊಂದು ಕೊಂಡಿಯೂ ನಾಲ್ಕು ಪಟ್ಟು ಅಗಲವಾಗಬಹುದು. ಹೈಪರ್‌ಕ್ಯೂಬಿನ ಕೊಂಡಿಯಲ್ಲಿ ಒಂದು ಬಡಿತಕ್ಕೆ 4 ಬಿಟ್ ಹಾದರೆ ಜಾಲರಿಯಲ್ಲಿ 16. ಈಗ 256 ಬಿಟ್‌ಗಳ ಸಂದೇಶ ಕಳಿಸಿ.

ಸಂದೇಶ ಹೋಗುವ ಬಗೆಯನ್ನೂ ಹೇಳಬೇಕು. ಹಳೆಯ ಯಂತ್ರಗಳಲ್ಲಿ ಪ್ರತಿ ನಿಲ್ದಾಣದಲ್ಲೂ ಪೂರ್ತಿ ಸರಕು ಇಳಿಸಿ ಮತ್ತೆ ಹೇರುತ್ತಿದ್ದರು. ಆಮೇಲೆ ಬಂದ 'ವರ್ಮ್‌ಹೋಲ್' ಕ್ರಮದಲ್ಲಿ ಸಂದೇಶ ರೈಲಿನಂತೆ ಸಾಗುತ್ತದೆ. ಎಂಜಿನ್ನು ಮುಂದಿನ ನಿಲ್ದಾಣ ದಾಟಿರುತ್ತದೆ, ಡಬ್ಬಿಗಳು ಹಿಂದಿನಲ್ಲೇ ಇರುತ್ತವೆ. ಹಾಗಾದಾಗ ಹಿಡಿಯುವ ಸಮಯ ಹೆಜ್ಜೆಗಳನ್ನು ಡಬ್ಬಿಗಳಿಂದ ಗುಣಿಸಿದಷ್ಟಲ್ಲ; ಹೆಜ್ಜೆ, ಡಬ್ಬಿ ಎರಡನ್ನೂ ಕೂಡಿದಷ್ಟು. ಹೈಪರ್‌ಕ್ಯೂಬಿಗೆ ಆರು ಹೆಜ್ಜೆ, 64 ಡಬ್ಬಿ, ಒಟ್ಟು 70 ಬಡಿತ. ಜಾಲರಿಗೆ ಹದಿನಾಲ್ಕು ಹೆಜ್ಜೆ, 16 ಡಬ್ಬಿ, ಒಟ್ಟು ಬರೀ 30. (ದಾರಿಯಲ್ಲಿ ಬೇರೆ ಸಂದೇಶಗಳ ನೂಕುನುಗ್ಗಲು ಇಲ್ಲ ಎಂದಿಟ್ಟುಕೊಂಡರೆ.)

ಕಂಡಕ್ಟರು ಸುಮ್ಮನೆ ಕೇಳುತ್ತಿದ್ದವರು ಮೆಲ್ಲನೆ ಬಾಯಿ ಹಾಕಿದರು. 'ಸಾರ್, ಇದು ನಮ್ಮ ಡಿಪೋ ಕತೇನೇ ಅಲ್ವಾ? ಇರೋದೇ ಇಪ್ಪತ್ತು ಬಸ್ಸು ಅಂತಿಟ್ಕೊಳ್ಳಿ. ಎಲ್ಲಾ ಊರಿಗೂ ನೇರ ಬಸ್ಸು ಬಿಟ್ರೆ ಹೊಳೆನರಸೀಪುರದಿಂದ ಚಿಕ್ಕಮಗಳೂರಿಗೆ ಹೋಗೋರು ದಿನಕ್ಕೊಂದೇ ಬಸ್ಸಿಗೆ ಕಾಯ್ಬೇಕು. ಅದೇ ಬಸ್ಸುಗಳನ್ನ ಹಾಸನದ ದಾರಿಗೆ ಹಾಕಿ, ಮೇಲಿಂದ ಮೇಲೆ ಬರ್ತಾವೆ. ಹಾಸನದಲ್ಲಿ ಇಳಿದು ಹತ್ತಿದ್ರೂ ಮೊದಲು ಊರು ಸೇರೋರು ಅವರೇ.'

ಹೋಲಿಕೆ ಕೂದಲೆಳೆಯಷ್ಟೂ ಬಿಡದಂತೆ ಕೂಡುವುದಿಲ್ಲ, ನಿಜ. ಆದರೆ ತಿರುಳು ಅದೇ. ಹೆಜ್ಜೆ ಎಷ್ಟು ಎಂದು ಮಾತ್ರ ಎಣಿಸುವವರು ಬಸ್ಸು ಎಷ್ಟಿವೆ ಎಂದು ಕೇಳಿರುವುದಿಲ್ಲ. ಆ ದಿನಗಳಲ್ಲಿ ಎಂ.ಐ.ಟಿ.ಯಲ್ಲಿದ್ದ ವಿಲಿಯಂ ಡ್ಯಾಲಿ 1990ರಲ್ಲಿ ಒಂದು ಪ್ರಬಂಧದಲ್ಲಿ ಇದನ್ನೇ ತೋರಿಸಿದ್ದರು. ತಂತಿಯ ಖರ್ಚನ್ನು ಸಮ ಮಾಡಿ ನೋಡಿದರೆ, ಕಡಿಮೆ ಕೊಂಡಿಗಳ ಸರಳ ಜಾಲರಿಗಳು ಹೈಪರ್‌ಕ್ಯೂಬಿಗಿಂತ ಬೇಗ ಸಂದೇಶ ಮುಟ್ಟಿಸುತ್ತವೆ. 1985ರಲ್ಲಿ ಹೈಪರ್‌ಕ್ಯೂಬ್ ಯಂತ್ರ ಮಾರಿದ್ದ ಇಂಟೆಲ್, ತೊಂಬತ್ತರ ದಶಕದ ಆರಂಭದಲ್ಲಿ ತಂದ ಪ್ಯಾರಗಾನ್ ಯಂತ್ರಕ್ಕೆ ಜಾಲರಿಯನ್ನೇ ಆರಿಸಿತು. ಆ ಪ್ರಬಂಧವನ್ನು ಹುಡುಗಿಯ ಕೈಗಿಟ್ಟೆ. ಸಂಖ್ಯೆ ತಿದ್ದುವ ಮಾತು ಅಲ್ಲಿಗೆ ನಿಂತಿತು.

ಅವಳು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಎರಡು ಕೋಷ್ಟಕ ಬರೆದಳು. ಮೊದಲನೆಯದರಲ್ಲಿ ಎರಡು ಆಕಾರಕ್ಕೂ ಒಂದೇ ಅಗಲದ, ನಾಲ್ಕು ಬಿಟ್ಟಿನ ಕೊಂಡಿ; ಅಲ್ಲಿ ಹೈಪರ್‌ಕ್ಯೂಬಿಗೆ 70, ಜಾಲರಿಗೆ 78. ಎರಡನೆಯದರಲ್ಲಿ ಒಂದೇ ಖರ್ಚು. ಹೊರಗಿನಿಂದ ಬಂದ ಪರೀಕ್ಷಕರು ಬಹಳ ಹೊತ್ತು ಎರಡನೆಯದನ್ನೇ ನೋಡುತ್ತಿದ್ದು, 'ಪಠ್ಯಪುಸ್ತಕಕ್ಕೆ ವಿರುದ್ಧವಾಗಿದೆಯಲ್ಲಮ್ಮ?' ಎಂದರು. 'ಇಲ್ಲ ಸಾರ್, ಪುಸ್ತಕದ ಲೆಕ್ಕ ಮೊದಲನೇ ಕೋಷ್ಟಕದಲ್ಲಿದೆ, ಅದೂ ಸರಿ' ಎಂದಳು. ಅವರು ಇನ್ನೇನೂ ಕೇಳದೆ ಸಹಿ ಹಾಕಿದರು. ಎಷ್ಟು ಅಂಕ ಕೊಟ್ಟರೆಂದು ಇಲ್ಲಿ ಬರೆದರೆ ತಂದೆತಾಯಿಯರು ಅದನ್ನೊಂದೇ ನೆನಪಿಟ್ಟುಕೊಂಡಾರು!

ಈ ಕತೆಗೆ ಇನ್ನೊಂದು ತಿರುವೂ ಇದೆ. ಸರಳ ಜಾಲರಿಯೇ ವಾಸಿ ಎಂದಿದ್ದ ಅದೇ ಡ್ಯಾಲಿ, 2005ರಲ್ಲಿ ಜಾನ್ ಕಿಮ್ ಮೊದಲಾದವರ ಜೊತೆ ಸೇರಿ ಬರೆದ ಪ್ರಬಂಧದಲ್ಲಿ ಬೇರೆ ಮಾತು ಹೇಳಿದರು. ಇನ್ನು ಮುಂದೆ ರೂಟರಿಗೆ ಕೆಲವೇ ಅಗಲ ಕೊಂಡಿಗಳಿಗಿಂತ ಹಲವಾರು ಕಿರಿದಾದ ಕೊಂಡಿಗಳಿರುವುದೇ ಲೇಸು ಎಂದು. ಮನಸ್ಸು ಬದಲಾಗಿರಲಿಲ್ಲ, ಒಂದು ಚಿಪ್ಪಿನಿಂದ ಒಮ್ಮೆಗೆ ಹೊರಕ್ಕೆ ಸಾಗಿಸಬಹುದಾದ ಬಿಟ್‌ಗಳು ಹಲವು ಪಟ್ಟು ಹೆಚ್ಚಿದ್ದವು. ಹುಡುಗಿಯ ಲೆಕ್ಕದಲ್ಲೇ ನೋಡಿ. ಎರಡೂ ಕಡೆ ತಾಮ್ರವನ್ನು ಹದಿನಾರು ಪಟ್ಟು ಮಾಡಿ. ಹೈಪರ್‌ಕ್ಯೂಬಿಗೆ ನಾಲ್ಕೇ ಡಬ್ಬಿ, ಒಟ್ಟು 10 ಬಡಿತ. ಜಾಲರಿಗೆ ಒಂದೇ ಡಬ್ಬಿ, ಆದರೂ 15. ಡಿಪೋಗೆ ಮುನ್ನೂರಿಪ್ಪತ್ತು ಬಸ್ಸು ಬಂದರೆ ಚಿಕ್ಕಮಗಳೂರಿಗೂ ನೇರ ಬಸ್ಸು ಬಿಡಬಹುದು.

ಕಿಮ್, ಡ್ಯಾಲಿ ಮತ್ತಿಬ್ಬರು 2008ರಲ್ಲಿ 'ಡ್ರ್ಯಾಗನ್‌ಫ್ಲೈ' ಎಂಬ ಆಕಾರವನ್ನು ಮುಂದಿಟ್ಟರು. ಒಂದು ಗುಂಪಿನೊಳಗೆ ಎಲ್ಲರಿಗೂ ಹತ್ತಿರದ ನಂಟು, ಗುಂಪು ಗುಂಪಿಗೆ ನಡುವೆ ಉದ್ದದ ಕೇಬಲ್ಲು. 2022ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಸೆಕೆಂಡಿಗೆ ಒಂದು ಕೋಟಿ ಕೋಟಿ ಕೋಟಿಯ ಸಾವಿರದ ಒಂದು ಪಾಲಿಗೂ ಮಿಕ್ಕಿ, ಅಂದರೆ ಒಂದರ ಮುಂದೆ ಹದಿನೆಂಟು ಸೊನ್ನೆಯಷ್ಟು ಲೆಕ್ಕ ಮಾಡಿ ತೋರಿಸಿದ 'ಫ್ರಾಂಟಿಯರ್' ಯಂತ್ರದ ಜಾಲ ಈ ಬಗೆಯದು. ಅದರಲ್ಲಿ ಒಂದೊಂದು ಸ್ವಿಚ್ಚಿಗೆ 64 ಬಾಯಿಗಳು. ಯಾವ ಸ್ವಿಚ್ಚಿನಿಂದ ಯಾವ ಸ್ವಿಚ್ಚಿಗಾದರೂ ಹೆಚ್ಚೆಂದರೆ ಮೂರು ಹೆಜ್ಜೆ.